ನಾಲ್ಕು ಆಯ್ಕೆಗಳಲ್ಲಿ ಯಾವುದು, ಏಕೆ?

ಕೆಳಗಿನ ಪ್ರಶ್ನೆಯನ್ನು ನಿಧಾನವಾಗಿ ಓದಿ. ನಿಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಮುಂದಕ್ಕೆ ಹೋಗಿ.

1854ರ ಆಗಸ್ಟ್ 31ರಂದು ಲಂಡನ್ ನಗರದ ಸೋಹೋ ಭಾಗದಲ್ಲಿ ಕಾಲರಾ ತೀವ್ರವಾಗಿ ಕಾಣಿಸಿಕೊಂಡಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸಾರ್ವಜನಿಕ ಕೈಪಂಪಿನ ನೀರೇ ಇದಕ್ಕೆ ಕಾರಣವೆಂದು ಡಾ. ಜಾನ್ ಸ್ನೋ ವಾದಿಸಿದರು. ಕೊಳಚೆಯಿಂದ ಏಳುವ ಕೆಟ್ಟ ಗಾಳಿ ಕಾರಣವೆಂಬುದು ಆಗಿನ ಬಹುಪಾಲು ವೈದ್ಯರ ನಂಬಿಕೆ. ಕೆಳಗಿನವುಗಳಲ್ಲಿ ಯಾವುದು ಸ್ನೋ ಅವರ ವಾದಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ ಕೊಡುತ್ತದೆ?

(ಅ) ಸತ್ತವರ ಮನೆಗಳಲ್ಲಿ ಹೆಚ್ಚಿನವು ಆ ಪಂಪಿನ ಆಸುಪಾಸಿನಲ್ಲೇ ಇದ್ದವು.

(ಆ) ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು. ಆ ಬಳಿಕ ಸಾವುಗಳು ಕಡಿಮೆಯಾದವು.

(ಇ) ಪಂಪಿನ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಬಿಳಿಯ ಸಣ್ಣ ಚೂರುಗಳು ತೇಲುತ್ತಿದ್ದವು.

(ಈ) ಹಲವು ಮೈಲಿ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ತಿಂಗಳುಗಳಿಂದ ಬ್ರಾಡ್ ಸ್ಟ್ರೀಟಿನ ಕಡೆಗೆ ಬಂದಿರಲಿಲ್ಲ. ಆದರೆ ಆ ಪಂಪಿನ ನೀರನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಅವಳು ಕಾಲರಾದಿಂದ ಸತ್ತಳು. ಅವಳ ಊರಿನಲ್ಲಿ ಬೇರೆಲ್ಲೂ ಆಗ ಕಾಲರಾ ಇರಲಿಲ್ಲ.

ನಾಲ್ಕೂ ನಿಜವಾಗಿ ನಡೆದ ಸಂಗತಿಗಳೇ. ಅಂದಮೇಲೆ ‘ಯಾವುದು ನಿಜ’ ಎಂದು ಹುಡುಕುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಪಾಠಪುಸ್ತಕದ ಮೇಲಿನ ಬಹು ಆಯ್ಕೆ ಪ್ರಶ್ನೆಯಲ್ಲಿ ಒಂದು ಆಯ್ಕೆ ನಿಜ, ಉಳಿದ ಮೂರು ಸುಳ್ಳು. ವಿಮರ್ಶಾತ್ಮಕ ತರ್ಕದ ಪ್ರಶ್ನೆಯಲ್ಲಿ ನಾಲ್ಕನ್ನೂ ನಿಜವೆಂದು ಒಪ್ಪಿಕೊಂಡೇ ಹೊರಡಬೇಕು. ಯಾವ ಸಂಗತಿ ವಾದಕ್ಕೆ ತಾಗುತ್ತದೆ, ಯಾವುದು ತಾಗದೆ ಪಕ್ಕದಲ್ಲಿ ಹಾದುಹೋಗುತ್ತದೆ ಎಂಬುದಷ್ಟೇ ಅಲ್ಲಿಯ ವಿಚಾರ.

ಈ ಬಗೆಯ ಪ್ರಶ್ನೆಗಳು ಅಮೆರಿಕದ ಕಾನೂನು ಮತ್ತು ವಾಣಿಜ್ಯಾಡಳಿತ ಶಾಲೆಗಳ ಪ್ರವೇಶ ಪರೀಕ್ಷೆಗಳಲ್ಲಿ ಬೆಳೆದವು. ನಮ್ಮಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ಸೇರಿದ ಎರಡನೆಯ ಪತ್ರಿಕೆ, ಅಂದರೆ ‘ಸಿಸ್ಯಾಟ್’, ಇವನ್ನು ಊರೂರಿಗೂ ಪರಿಚಯಿಸಿತು. (2015ರಿಂದ ಅದರಲ್ಲಿ ಶೇಕಡ 33 ಅಂಕ ಪಡೆದರೆ ಸಾಕು.) ವಿಜ್ಞಾನದವರಿಗೆ ಇದರ ಹತ್ತಿರದ ನೆಂಟ ‘ಹೇಳಿಕೆ–ಕಾರಣ’ ಪ್ರಶ್ನೆ. 2019ರಲ್ಲಿ ಕೊನೆಯ ಬಾರಿಗೆ ನಡೆದ ಏಮ್ಸ್ ಪ್ರವೇಶ ಪರೀಕ್ಷೆ ಅದಕ್ಕೇ ಹೆಸರುವಾಸಿಯಾಗಿತ್ತು. ಈಗ ನೀಟ್ ಪತ್ರಿಕೆಗಳಲ್ಲೂ ಸಿ.ಬಿ.ಎಸ್.ಇ. ಪತ್ರಿಕೆಗಳಲ್ಲೂ ಅದು ಇದೆ. ಇದು ಒಳ್ಳೆಯ ಬೆಳವಣಿಗೆಯೇ? ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಯ ರೂಪ ಒಳ್ಳೆಯದು, ಅದನ್ನು ನಾವು ಬಳಸುತ್ತಿರುವ ರೀತಿ ಒಳ್ಳೆಯದಲ್ಲ. ಏಕೆಂಬುದನ್ನು ಸ್ನೋ ಅವರ ಪಂಪಿನಿಂದಲೇ ನೋಡೋಣ.

ನಿಮ್ಮ ಚೀಟಿಯಲ್ಲಿ ಬಹುಶಃ (ಅ) ಇರಬಹುದು. ಸ್ನೋ ಅವರ ನಕ್ಷೆ ಅಷ್ಟು ಪ್ರಸಿದ್ಧ. ಪ್ರತಿ ಸಾವಿಗೂ ಒಂದು ಕಪ್ಪು ಗೆರೆ ಹಾಕಿ, ಗೆರೆಗಳು ಪಂಪಿನ ಸುತ್ತ ಒತ್ತೊತ್ತಾಗಿರುವುದನ್ನು ತೋರಿಸುವ ಆ ನಕ್ಷೆಯನ್ನು ನೋಡಿದರೆ ಇನ್ನೇನು ಬೇಕು ಎನಿಸುತ್ತದೆ. ಆದರೆ ನೀವು ಕ್ಷಣಕಾಲ ‘ಕೆಟ್ಟ ಗಾಳಿ’ಯ ಪಕ್ಷದ ವಕೀಲರಾಗಿ. ಬ್ರಾಡ್ ಸ್ಟ್ರೀಟಿನ ಚರಂಡಿಗಳು ನಾರುತ್ತಿದ್ದವು. ಗಾಳಿಯಿಂದ ರೋಗ ಬರುವುದಾದರೆ ಆ ಬೀದಿಯ ಸುತ್ತ ತಾನೇ ಹೆಚ್ಚು ಜನ ಸಾಯಬೇಕು? ಪಂಪಿನ ಹತ್ತಿರ ಇದ್ದವರೇ ಆ ಗಾಳಿಯ ಹತ್ತಿರವೂ ಇದ್ದರು. ನಕ್ಷೆ ಎರಡು ವಾದಗಳಿಗೂ ಸಮನಾಗಿ ಹೊಂದಿಕೊಳ್ಳುತ್ತದೆ. ಎರಡೂ ಕಡೆಯವರು ಕರೆಸಬಹುದಾದ ಸಾಕ್ಷಿ ಯಾರನ್ನೂ ಗೆಲ್ಲಿಸುವುದಿಲ್ಲ.

(ಆ) ಇನ್ನೂ ಆಕರ್ಷಕ. ಹಿಡಿ ತೆಗೆದರು, ರೋಗ ನಿಂತಿತು. ಕಥೆಗೆ ಇದಕ್ಕಿಂತ ಒಳ್ಳೆಯ ಮುಕ್ತಾಯವಿಲ್ಲ. ಅನೇಕ ಪುಸ್ತಕಗಳು ಕಥೆಯನ್ನು ಹಾಗೆಯೇ ಮುಗಿಸುತ್ತವೆ. ಸ್ನೋ ಅವರು 1855ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ನೋಡಿ. ಸಾವಿನಲ್ಲಿ ಕೊನೆಗೊಂಡ ಹೊಸ ಪ್ರಕರಣಗಳು ಸೆಪ್ಟೆಂಬರ್ 1ರಂದು 143, 2ರಂದು 116, 3ರಂದು 54, 5ರಂದು 36. ಹಿಡಿ ತೆಗೆಸಿದ 8ನೇ ತಾರೀಖಿನ ಹೊತ್ತಿಗೆ 12. ಅಂದರೆ ಇಳಿತ ಎಂದೋ ಆರಂಭವಾಗಿತ್ತು. ಹೆದರಿದ ಜನ ಮನೆ ಬಿಟ್ಟು ಓಡಿದ್ದು ಅದಕ್ಕೆ ಒಂದು ಕಾರಣ. ಹಿಡಿ ತೆಗೆಯುವ ಹೊತ್ತಿಗೆ ಬಾವಿಯಲ್ಲಿ ವಿಷ ಇನ್ನೂ ಉಳಿದಿತ್ತೋ ಇಲ್ಲವೋ ನಿರ್ಧರಿಸಲಾಗದು ಎಂದು ಸ್ನೋ ಅವರೇ ಪ್ರಾಮಾಣಿಕವಾಗಿ ಒಪ್ಪಿದ್ದಾರೆ. ಇಂಥದ್ದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ: ಕಾಕತಾಳೀಯ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಒಂದೇ ಗಳಿಗೆ ಕೂಡಿಬಂದರೆ ಕಾಗೆಯೇ ಹಣ್ಣು ಕೆಡವಿತು ಎನ್ನಲಾಗುವುದಿಲ್ಲ. ಇಲ್ಲಿ ಹಣ್ಣು ಆಗಲೇ ಅರ್ಧ ದಾರಿ ಬಿದ್ದಿತ್ತು, ಕಾಗೆ ಆಮೇಲೆ ಬಂತು.

(ಇ)ಯನ್ನು ಆರಿಸುವವರು ಸಾಮಾನ್ಯವಾಗಿ ತರಗತಿಯ ಜಾಣರು. ಕಾಲರಾ ಬ್ಯಾಕ್ಟೀರಿಯದಿಂದ ಬರುತ್ತದೆ, ಅದು ನೀರಿನಲ್ಲಿರುತ್ತದೆ ಎಂದು ಅವರಿಗೆ ಗೊತ್ತು. ಆ ತಿಳಿವಳಿಕೆಯನ್ನು ಬಿಳಿಯ ಚೂರುಗಳ ಮೇಲೆ ಹೊರಿಸಿಬಿಡುತ್ತಾರೆ. ಬರಿಗಣ್ಣಿಗೆ ಕಾಣುವ ಚೂರುಗಳು ಬ್ಯಾಕ್ಟೀರಿಯವಲ್ಲ. ರಾಬರ್ಟ್ ಕಾಖ್ ಅವರು ಕಲ್ಕತ್ತೆಯಲ್ಲಿ ಕಾಲರಾ ದಂಡಾಣುವನ್ನು ಬೇರ್ಪಡಿಸಿ ತೋರಿಸಿದ್ದು 1884ರಲ್ಲಿ. ಆ ಚೂರುಗಳಿಗೂ ಸಾವಿಗೂ ಸಂಬಂಧವಿದೆ ಎಂಬ ಮಾತು ಪ್ರಶ್ನೆಯಲ್ಲಿ ಎಲ್ಲಿಯೂ ಇಲ್ಲ, ಅದನ್ನು ಓದುಗ ತಾನೇ ತಂದು ಸೇರಿಸಬೇಕು. ಹೊರಗಿನ ಜ್ಞಾನ ತರಬಾರದು ಎಂದು ಬೋಧಕರು ಹೇಳುವುದರ ಅರ್ಥ ಇದೇ: ವಾದದ ಸೇತುವೆಯಲ್ಲಿ ಒಂದು ಹಲಗೆ ಇಲ್ಲದಿದ್ದರೆ ಅದನ್ನು ಮನೆಯಿಂದ ತಂದು ಹಾಕಿಬಿಟ್ಟು ಸೇತುವೆ ಗಟ್ಟಿಯಾಗಿದೆ ಎನ್ನಬಾರದು.

ಉಳಿದದ್ದು (ಈ). ಇಲ್ಲಿ ಮಾತ್ರ ಗಾಳಿ ಮತ್ತು ನೀರು ಬೇರೆ ಬೇರೆಯಾಗುತ್ತವೆ. ವಿಧವೆಗೆ ಸೋಹೋದ ಗಾಳಿ ತಾಗಲಿಲ್ಲ, ನೀರು ತಾಗಿತು. ಗಾಳಿಯೇ ಕಾರಣವಾಗಿದ್ದರೆ ಅವಳು ಬದುಕಿರಬೇಕಿತ್ತು. ಅವಳನ್ನು ನೋಡಲು ಬಂದಿದ್ದ ಇಸ್ಲಿಂಗ್ಟನ್ನಿನ ಸೋದರ ಸಂಬಂಧಿ ಹುಡುಗಿಯೂ ಅದೇ ನೀರನ್ನು ಕುಡಿದು, ತನ್ನ ಊರಿಗೆ ಹಿಂತಿರುಗಿ ಸತ್ತಳು. ಆ ಊರಿನಲ್ಲೂ ಕಾಲರಾ ಇರಲಿಲ್ಲ.

‘ಒಬ್ಬಿಬ್ಬರ ಸಾವು ಐನೂರು ಸಾವುಗಳಿಗಿಂತ ದೊಡ್ಡ ಸಾಕ್ಷ್ಯವೇ?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದನ್ನು ‘ಉತ್ತರಪಟ್ಟಿಯಲ್ಲಿ ಹಾಗಿದೆ’ ಎಂದು ಮುಚ್ಚಿಹಾಕುವ ಶಿಕ್ಷಕರು ತರ್ಕವನ್ನೇ ಮುಚ್ಚಿಹಾಕಿದಂತೆ. ಸಾಕ್ಷ್ಯದ ತೂಕ ಎಣಿಕೆಯಿಂದ ಮಾತ್ರ ಬರುವುದಿಲ್ಲ. ಎರಡು ವಾದಗಳಲ್ಲಿ ಒಂದರ ಪ್ರಕಾರ ಆಗಬೇಕಾದ್ದು, ಇನ್ನೊಂದರ ಪ್ರಕಾರ ಆಗಬಾರದ್ದು ಆಯಿತೇ ಎಂಬುದರಿಂದ ತೂಕ ಬರುತ್ತದೆ. ಹಾಗೆಂದು ವಿಧವೆಯ ಸಾವು ನೀರಿನ ವಾದವನ್ನು ಸಿದ್ಧಪಡಿಸಿಬಿಟ್ಟಿತು ಎನ್ನಲೂ ಆಗದು. ಅದೇ ನೀರನ್ನು ಕುಡಿದ ಅವಳ ಮನೆಯ ಸೇವಕಿಗೆ ಹೆಚ್ಚೇನೂ ಆಗಲಿಲ್ಲ. ಪ್ರಶ್ನೆ ಕೇಳಿದ್ದು ‘ಎಲ್ಲಕ್ಕಿಂತ ಹೆಚ್ಚು ಬಲ ಕೊಡುವುದು ಯಾವುದು’ ಎಂದೇ ಹೊರತು ‘ಸಾಧಿಸಿ ತೋರಿಸುವುದು ಯಾವುದು’ ಎಂದಲ್ಲ. ಈ ಎರಡು ಮಾತುಗಳ ಅಂತರವನ್ನು ಗಮನಿಸದೆ ‘ಇದರಿಂದಲೂ ಸಾಬೀತಾಗುವುದಿಲ್ಲವಲ್ಲ’ ಎಂದು ಸರಿಯುತ್ತರವನ್ನು ಕೈಬಿಡುವವರು ಬಹಳ.

ಸ್ನೋ ಅವರ ಬಳಿ ಇನ್ನೊಂದು ಬಗೆಯ ಸಾಕ್ಷ್ಯವೂ ಇತ್ತು. ಪಂಪಿನ ಹತ್ತಿರದ ಪೋಲೆಂಡ್ ಸ್ಟ್ರೀಟಿನಲ್ಲಿ ಬಡವರ ಆಶ್ರಯಗೃಹವೊಂದಿತ್ತು. ಅದರೊಳಗೆ 535 ಮಂದಿ. ಸುತ್ತಲಿನ ಬೀದಿಗಳ ಪ್ರಮಾಣದಲ್ಲೇ ಸಾವು ಸಂಭವಿಸಿದ್ದರೆ ಅಲ್ಲಿ ನೂರಕ್ಕೂ ಹೆಚ್ಚು ಜನ ಸಾಯಬೇಕಿತ್ತೆಂದು ಸ್ನೋ ಲೆಕ್ಕ ಹಾಕಿದರು. ಸತ್ತವರು ಐವರು. ಆ ಮನೆಗೆ ತನ್ನದೇ ಬಾವಿ ಇತ್ತು. ಬ್ರಾಡ್ ಸ್ಟ್ರೀಟಿನ ಬಿಯರ್ ತಯಾರಿಕಾ ಘಟಕದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದರು. ಅವರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಒಳಗೆ ಆಳವಾದ ಬಾವಿಯೂ ಇತ್ತು. ಇಲ್ಲಿ ಗಾಳಿ ತಾಗಿತು, ನೀರು ತಾಗಲಿಲ್ಲ, ರೋಗ ಬರಲಿಲ್ಲ.

ಕಾರಣ ಇದ್ದಲ್ಲಿ ಕಾರ್ಯ ಇರುವುದು ಅನ್ವಯ, ಕಾರಣ ಇಲ್ಲದಲ್ಲಿ ಕಾರ್ಯ ಇಲ್ಲದಿರುವುದು ವ್ಯತಿರೇಕ ಎಂದು ನಮ್ಮ ನ್ಯಾಯಶಾಸ್ತ್ರದವರು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಹೆಚ್ಚುಕಡಿಮೆ ಇದನ್ನೇ ವಿಜ್ಞಾನದ ವಿಧಾನಗಳೆಂದು ಬರೆದ. ವಿಧವೆ ಅನ್ವಯಕ್ಕೆ ಸಾಕ್ಷಿ, ಆಶ್ರಯಗೃಹ ವ್ಯತಿರೇಕಕ್ಕೆ.

ಈಗ ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರು ಒಂದು ಕೆಲಸ ಮಾಡಿ ನೋಡಿ. ಮೇಲಿನ ಪ್ರಶ್ನೆಯಲ್ಲಿ (ಇ)ಯನ್ನು ತೆಗೆದು ಅದರ ಜಾಗದಲ್ಲಿ ಆಶ್ರಯಗೃಹದ ಸಂಗತಿಯನ್ನು ಇಡಿ. ಪ್ರಶ್ನೆ ಕೂಡಲೇ ಕೆಟ್ಟುಹೋಗುತ್ತದೆ! ಎರಡು ಆಯ್ಕೆಗಳೂ ಗಾಳಿ–ನೀರನ್ನು ಬೇರ್ಪಡಿಸುತ್ತವೆ, ಬೇರೆ ಬೇರೆ ದಿಕ್ಕಿನಿಂದ. ಐನೂರ ಮೂವತ್ತೈದು ಜನರ ಲೆಕ್ಕ ಹೆಚ್ಚು ಬಲವಾದದ್ದೇ, ಅಥವಾ ರೋಗವೇ ಇಲ್ಲದ ಊರಿನಲ್ಲಿ ಬಂದೆರಗಿದ ಒಂದು ಸಾವೇ? ವಾದ ಮಾಡಬಹುದು, ಮಾಡಿದರೆ ಒಳ್ಳೆಯ ತರಗತಿಯಾಗುತ್ತದೆ. ಆದರೆ ಒಎಂಆರ್ ಹಾಳೆಯ ಮೇಲಿನ ಒಂದು ವೃತ್ತದಲ್ಲಿ ಆ ವಾದಕ್ಕೆ ಜಾಗವಿಲ್ಲ. ಅಲ್ಲಿ ಒಂದಕ್ಕೆ ಅಂಕ ಕೊಟ್ಟು ಇನ್ನೊಂದಕ್ಕೆ ಕಳೆಯುವುದು ಅನ್ಯಾಯ. ಒಳ್ಳೆಯ ತರ್ಕದ ಪ್ರಶ್ನೆಯಲ್ಲಿ ಕಷ್ಟದ ಕೆಲಸ ಸರಿಯುತ್ತರವನ್ನು ಬರೆಯುವುದಲ್ಲ. ಮೂರು ತಪ್ಪು ಆಯ್ಕೆಗಳಿಗೆ ಮೂರು ಬೇರೆ ಬೇರೆ ತಪ್ಪುಗಳನ್ನು ಕೊಡುವುದು. ಮೇಲಿನ ಪ್ರಶ್ನೆಯಲ್ಲಿ (ಅ) ಎರಡು ಕಡೆಗೂ ಸಲ್ಲುವ ಸಾಕ್ಷ್ಯ, (ಆ) ಅನುಕ್ರಮವನ್ನು ಕಾರಣವೆಂದು ತಿಳಿಯುವ ತಪ್ಪು, (ಇ) ಹೊರಗಿನಿಂದ ತಂದ ಹಲಗೆ. ಹುಡುಗನೊಬ್ಬ (ಆ) ಎಂದು ಬರೆದರೆ ಅವನಿಗೆ ಏನನ್ನು ಹೇಳಿಕೊಡಬೇಕೆಂದು ಶಿಕ್ಷಕರಿಗೆ ಆ ಕ್ಷಣವೇ ತಿಳಿಯುತ್ತದೆ. ಬಾಯಿಗೆ ಬಂದ ಮೂರು ಆಯ್ಕೆಗಳನ್ನು ತುಂಬಿಸಿದ ಪ್ರಶ್ನೆ ಹುಡುಗನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಏಕೆಂದರೆ, ಏಕೆಂದರೆ

ಹೇಳಿಕೆ–ಕಾರಣ ಪ್ರಶ್ನೆಗೆ ಬರೋಣ. ಅದರ ಚೌಕಟ್ಟು ನಿಮಗೆ ಗೊತ್ತೇ ಇದೆ. ಎರಡೂ ಸರಿ ಮತ್ತು ಕಾರಣವು ಹೇಳಿಕೆಯ ಸರಿಯಾದ ವಿವರಣೆ, ಎರಡೂ ಸರಿ, ಆದರೆ ಕಾರಣವು ವಿವರಣೆಯಲ್ಲ, ಇತ್ಯಾದಿ. ನಿಜವಾದ ಆಯ್ಕೆ ಇರುವುದು ಮೊದಲ ಎರಡರ ನಡುವೆ ಮಾತ್ರ. ಒಂದು ಉದಾಹರಣೆ:

ಹೇಳಿಕೆ: ಎತ್ತರದ ಬೆಟ್ಟದ ಮೇಲೆ ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಾರಣ: ಬೆಟ್ಟದ ಮೇಲೆ ಗಾಳಿಯ ತಾಪ ಕಡಿಮೆ ಇರುತ್ತದೆ.

ತರಬೇತಿ ಕೇಂದ್ರಗಳಲ್ಲಿ ಕಲಿಸುವ ಉಪಾಯವೆಂದರೆ ನಡುವೆ ‘ಏಕೆಂದರೆ’ ಸೇರಿಸಿ ಓದಿಕೊಳ್ಳುವುದು. ‘ಬೆಟ್ಟದ ಮೇಲೆ ಅನ್ನ ನಿಧಾನವಾಗಿ ಬೇಯುತ್ತದೆ, ಏಕೆಂದರೆ ಅಲ್ಲಿ ಚಳಿ.’ ಕಿವಿಗೆ ಎಷ್ಟು ಸರಿಯಾಗಿ ಕೇಳುತ್ತದೆ ನೋಡಿ! ಕಿವಿಯನ್ನು ನಂಬಿದವರು ಮೊದಲ ಆಯ್ಕೆಗೆ ಗುರುತು ಹಾಕುತ್ತಾರೆ. ನೀರು ಕುದಿಯುವವರೆಗೆ ಚಳಿಯಿಂದ ಸ್ವಲ್ಪ ತಡವಾಗಬಹುದು ನಿಜ. ಆದರೆ ಕುದಿಯತೊಡಗಿದ ಮೇಲೂ ಅನ್ನ ಬೇಯಲು ತಡವಾಗುವುದೇಕೆ? ಎತ್ತರ 300 ಮೀಟರ್ ಹೆಚ್ಚಿದಂತೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುಮಾರು 1900 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಮೇಲೇರುವುದಿಲ್ಲ. ಅನ್ನ ಬೇಯುವುದು ಕಡಿಮೆ ತಾಪದಲ್ಲಿ. ಕಾರಣ ವಾಯುಭಾರದ ಇಳಿಕೆ.

ಇದನ್ನು ಪರೀಕ್ಷಿಸುವುದು ಹೇಗೆ? ಅದೇ ಬೆಟ್ಟದ ಮೇಲೆ, ಅದೇ ಚಳಿಯಲ್ಲಿ, ಪ್ರೆಷರ್ ಕುಕ್ಕರ್ ಇಡಿ. ಅನ್ನ ಬೇಗ ಬೇಯುತ್ತದೆ. ಚಳಿ ಇದ್ದೇ ಇದೆ, ಒತ್ತಡ ಮಾತ್ರ ಬದಲಾಯಿತು. ಹೀಗೆ ‘ಕೊಟ್ಟ ಕಾರಣವನ್ನು ಹಾಗೆಯೇ ಉಳಿಸಿ ಬೇರೊಂದನ್ನು ಬದಲಿಸಿದರೆ ಕಾರ್ಯ ಉಳಿಯುತ್ತದೆಯೇ?’ ಎಂದು ಕೇಳುವುದು ‘ಏಕೆಂದರೆ’ಗಿಂತ ನೂರು ಪಾಲು ಒಳ್ಳೆಯ ಕೀಲಿಕೈ. ಕುಂಬಾರ ಮಣ್ಣನ್ನು ಕತ್ತೆಯ ಮೇಲೆ ಹೇರಿಕೊಂಡು ಬರುತ್ತಾನೆ. ಪ್ರತಿ ಮಡಕೆಗೂ ಮೊದಲು ಕತ್ತೆ ಇದ್ದೇ ಇತ್ತು. ಹಾಗಾದರೆ ಕತ್ತೆ ಮಡಕೆಗೆ ಕಾರಣವೇ ಎಂದು ನೈಯಾಯಿಕರು ಕೇಳುತ್ತಿದ್ದರು. ಅಲ್ಲ, ಮಣ್ಣನ್ನು ಬುಟ್ಟಿಯಲ್ಲಿ ತಂದರೂ ಮಡಕೆ ಆಗುತ್ತದೆ. ಅಂಥದ್ದನ್ನು ಅವರು ಅನ್ಯಥಾಸಿದ್ಧ ಎಂದು ಬದಿಗಿಟ್ಟರು. ಬೆಟ್ಟದ ಚಳಿ ಇಲ್ಲಿ ಕುಂಬಾರನ ಕತ್ತೆ.

ಈ ರೂಪದಲ್ಲಿ ಇನ್ನೊಂದು ತೊಡಕಿದೆ, ಅದರ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಹೇಳಿಕೆ: ಹಗಲಿನ ಆಕಾಶ ನೀಲಿಯಾಗಿ ಕಾಣುತ್ತದೆ. ಕಾರಣ: ವಾಯುವಿನ ಅಣುಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಚದುರಿಕೆ ಅಲೆಯುದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾದ್ದರಿಂದ ಕೆಂಪಿಗಿಂತ ನೀಲಿ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಸಾಧಾರಣ ವಿದ್ಯಾರ್ಥಿ ‘ಸರಿಯಾದ ವಿವರಣೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾನೆ. ಯೋಚಿಸುವ ಹುಡುಗಿ ನಿಲ್ಲುತ್ತಾಳೆ: ‘ನೇರಳೆ ಇನ್ನೂ ಹೆಚ್ಚು ಚದುರಬೇಕಲ್ಲ? ಆಕಾಶ ನೇರಳೆಯಾಗಿ ಏಕಿಲ್ಲ?’ ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣು ಅದಕ್ಕೆ ಸ್ಪಂದಿಸುವುದೂ ಕಡಿಮೆ ಎಂಬುದನ್ನು ಸೇರಿಸದೆ ವಿವರಣೆ ಪೂರ್ಣವಾಗುವುದಿಲ್ಲ. ಹಾಗಾದರೆ ಕೊಟ್ಟದ್ದು ‘ಸರಿಯಾದ ವಿವರಣೆ’ಯೇ, ಅಲ್ಲವೇ? ಉತ್ತರಪಟ್ಟಿ ಹೌದು ಎನ್ನುತ್ತದೆ. ಹುಡುಗಿ ಒಂದು ನಿಮಿಷ ಕಳೆದುಕೊಂಡಳು, ಬಹುಶಃ ಅಂಕವನ್ನೂ. ಹೆಚ್ಚು ತಿಳಿದವರಿಗೆ ಹೆಚ್ಚು ದಂಡ ಹಾಕುವ ಪ್ರಶ್ನೆ ಎಂಥ ಪ್ರಶ್ನೆ?

ಈ ದೂರು ಹೊಸದಲ್ಲ. ಐನ್‌ಸ್ಟೈನ್ ಅವರೊಡನೆ 1938ರಲ್ಲಿ ಸಾಪೇಕ್ಷತೆಯ ಬಗ್ಗೆ ಪ್ರಬಂಧ ಬರೆದ ಭೌತವಿಜ್ಞಾನಿ ಬೇನೇಶ್ ಹಾಫ್‌ಮನ್ 1962ರಲ್ಲಿ ಬಹು ಆಯ್ಕೆ ಪರೀಕ್ಷೆಗಳ ದಬ್ಬಾಳಿಕೆಯ ವಿರುದ್ಧ ಇಡೀ ಪುಸ್ತಕವನ್ನೇ ಬರೆದರು. ಅದರಲ್ಲಿ ಅವರು ಎತ್ತಿಕೊಂಡ ಒಂದು ಪ್ರಶ್ನೆ: ಕ್ರಿಕೆಟ್, ಫುಟ್‌ಬಾಲ್, ಬಿಲಿಯರ್ಡ್ಸ್, ಹಾಕಿ ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು? ಬಿಲಿಯರ್ಡ್ಸ್ ಎನ್ನುತ್ತೀರಿ, ಅದು ಒಳಾಂಗಣದ ಆಟ. ಆದರೆ ಕೋಲು ಯಾ ದಾಂಡು ಇಲ್ಲದೆ ಆಡುವುದು ಫುಟ್‌ಬಾಲ್ ಒಂದೇ. ಚೆಂಡನ್ನು ಗೋಲಿಗೋ ಗುಂಡಿಗೋ ಸೇರಿಸುವ ಗುರಿ ಇಲ್ಲದ್ದು ಕ್ರಿಕೆಟ್ ಒಂದೇ. ಹಾಕಿಗೆ ಏನೂ ಇಲ್ಲವೇ ಎಂದು ಬೇಸರ ಬೇಡ: ನಾಲ್ಕರಲ್ಲಿ ಭಾರತ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದದ್ದು ಅದೊಂದರಲ್ಲೇ. ‘ಸೇರದ್ದು’ ಎಂದರೆ ಯಾವ ಗುಣದಲ್ಲಿ ಎಂದು ಹೇಳದ ಪ್ರಶ್ನೆಯಲ್ಲಿ ನಾವು ಹುಡುಕುವುದು ತರ್ಕವನ್ನಲ್ಲ, ಪ್ರಶ್ನೆ ಬರೆದವರ ಮನಸ್ಸನ್ನು.

ಅಡ್ಡದಾರಿಗಳು

‘ಎಲ್ಲ’, ‘ಯಾವಾಗಲೂ’, ‘ಎಂದಿಗೂ’ ಎಂಬ ಪದಗಳಿರುವ ಆಯ್ಕೆಯನ್ನು ಹೊಡೆದುಹಾಕಿ. ಉದ್ದವಾದ ಆಯ್ಕೆಗೆ ಗುರುತು ಹಾಕಿ. ಪ್ರಶ್ನೆಯ ಪದಗಳನ್ನೇ ಮತ್ತೆ ಹೇಳುವ ಆಯ್ಕೆಯನ್ನು ನಂಬಬೇಡಿ. ಇಂಥ ಸೂತ್ರಗಳನ್ನು ಬಾಯಿಪಾಠ ಮಾಡಿಸುವ ಪುಸ್ತಕಗಳು ಪೇಟೆಯ ತುಂಬ ಇವೆ. ಇವು ಕೆಲವೊಮ್ಮೆ ಫಲಿಸುತ್ತವೆ ಎಂಬುದೇ ದುಃಖದ ಸಂಗತಿ. ಸರಿಯುತ್ತರಕ್ಕೆ ಮಾತ್ರ ಎಚ್ಚರದ ಮಾತುಗಳನ್ನು ಸೇರಿಸಿ ಉದ್ದ ಮಾಡಿ, ತಪ್ಪುಗಳನ್ನು ಚುಟುಕಾಗಿ ಬಿಡುವ ಸೋಮಾರಿತನ ಪ್ರಶ್ನೆ ಬರೆಯುವವರಲ್ಲಿ ಇರುವವರೆಗೆ ಅವು ಫಲಿಸುತ್ತವೆ. ‘ಎಲ್ಲ ವಿದ್ಯುತ್ಕಾಂತೀಯ ಅಲೆಗಳೂ ನಿರ್ವಾತದಲ್ಲಿ ಒಂದೇ ವೇಗದಲ್ಲಿ ಚಲಿಸುತ್ತವೆ’ ಎಂಬ ವಾಕ್ಯದಲ್ಲಿ ‘ಎಲ್ಲ’ ಇದೆ, ವಾಕ್ಯ ಪೂರ್ತಿ ಸರಿ. ಸೂತ್ರ ನಂಬಿದವರು ಅದನ್ನು ಹೊಡೆದುಹಾಕುತ್ತಾರೆ.

ಊಹಿಸಿ ಗುರುತು ಹಾಕುವುದರ ಲೆಕ್ಕವನ್ನೂ ಮುಗಿಸಿಬಿಡೋಣ. ನಾಲ್ಕು ಆಯ್ಕೆಗಳಿದ್ದು ತಪ್ಪಿಗೆ ಮೂರನೇ ಒಂದು ಅಂಕ ಕಳೆಯುವಲ್ಲಿ ಕುರುಡು ಊಹೆಯ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಕೈಬಿಡಬಲ್ಲಿರಾದರೆ ಒಂಬತ್ತನೇ ಒಂದು ಅಂಕ. ಸರಿಗೆ 4, ತಪ್ಪಿಗೆ ಋಣ 1 ಇರುವ ನೀಟ್‌ನಲ್ಲಿ ಕುರುಡು ಊಹೆಗೂ ಸರಾಸರಿ ಕಾಲು ಅಂಕ ಸಿಗುತ್ತದೆ. ಇದು ಸಂಭವನೀಯತೆಯ ಪಾಠ, ತರ್ಕದ್ದಲ್ಲ. ಎರಡನ್ನೂ ಬೆರೆಸಿ ಕಲಿಸುವುದು ನನಗೆ ಸರಿಬರುವುದಿಲ್ಲ.

ಅದಕ್ಕಿಂತ ಉಪಯುಕ್ತವಾದದ್ದು ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಒಗಟು. ಅದನ್ನು ಕನ್ನಡಕ್ಕೆ ಒಗ್ಗಿಸಿ ಕೊಡುತ್ತೇನೆ. ಮೇಜಿನ ಮೇಲೆ ನಾಲ್ಕು ಚೀಟಿಗಳಿವೆ. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ನಿಮಗೆ ಕಾಣುತ್ತಿರುವುದು: ಅ, ಕ, 4, 7. ‘ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವ ಚೀಟಿಗಳನ್ನು ತಿರುಗಿಸಲೇಬೇಕು? ಬಹುಪಾಲು ಜನ ‘ಅ’ ಮತ್ತು ‘4’ ಎನ್ನುತ್ತಾರೆ. ಸರಿಯುತ್ತರ ‘ಅ’ ಮತ್ತು ‘7’. 4ರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. 7ರ ಹಿಂದೆ ಸ್ವರವಿದ್ದರೆ ನಿಯಮ ಮುರಿಯಿತು. ನಾವು ಸ್ವಭಾವತಃ ವಾದಕ್ಕೆ ಒಪ್ಪುವುದನ್ನು ಹುಡುಕುತ್ತೇವೆ, ಮುರಿಯಬಲ್ಲದ್ದನ್ನು ಹುಡುಕುವುದಿಲ್ಲ. (ಅ) ಆಯ್ಕೆಯ ನಕ್ಷೆ ನಮ್ಮನ್ನು ಮರುಳು ಮಾಡಿದ್ದೂ ಹೀಗೆಯೇ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಅಮೆರಿಕದ ಸಂಶೋಧಕರು ಇದೇ ಒಗಟನ್ನು ‘ಬಿಯರ್ ಕುಡಿಯುವವರಿಗೆ 19 ವರ್ಷ ಮೀರಿರಬೇಕು’ ಎಂಬ ನಿಯಮವಾಗಿ ಬದಲಿಸಿದಾಗ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಸರಿಯುತ್ತರ ಕೊಟ್ಟರು. ಸಂದರ್ಭ ಪರಿಚಿತವಾದರೆ ಅದೇ ಮೆದುಳು ಅದೇ ತರ್ಕವನ್ನು ಸಲೀಸಾಗಿ ನಡೆಸುತ್ತದೆ. ನಮ್ಮ ಹಳ್ಳಿಯ ಮಗುವಿಗೆ ಷೇರುಪೇಟೆಯ ಕಥೆಯುಳ್ಳ ಪ್ರಶ್ನೆ ಕೊಟ್ಟು, ಅವನಿಗೆ ತರ್ಕ ಬಾರದು ಎಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಭಾಷೆಯ ಮಾತನ್ನೂ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ಅನುವಾದದ ಬಗ್ಗೆ ದೂರುಗಳು ಬಂದವು. ಮಾಹಿತಿಯ ಪ್ರಶ್ನೆಯಲ್ಲಿ ಒಂದು ಪದ ಕೆಟ್ಟರೆ ಅಭ್ಯರ್ಥಿ ಪಕ್ಕದ ಇಂಗ್ಲಿಷ್ ಪಾಠವನ್ನು ನೋಡಿಯಾದರೂ ಊಹಿಸಿಯಾನು. ತರ್ಕದ ಪ್ರಶ್ನೆಯಲ್ಲಿ ಒಂದು ಪ್ರತ್ಯಯ ಕೆಟ್ಟರೆ ಉತ್ತರವೇ ಬದಲಾಗುತ್ತದೆ. ‘ಮಳೆ ಬಂದರೆ ಕೆರೆ ತುಂಬುತ್ತದೆ’ ಎಂಬುದಕ್ಕೂ ‘ಮಳೆ ಬಂದರೆ ಮಾತ್ರ ಕೆರೆ ತುಂಬುತ್ತದೆ’ ಎಂಬುದಕ್ಕೂ ಇರುವ ಅಂತರ ಒಂದು ಪದದ್ದು, ಆದರೆ ಮೊದಲನೆಯದರಲ್ಲಿ ಮಳೆ ಸಾಕಾಗುವ ಷರತ್ತು, ಎರಡನೆಯದರಲ್ಲಿ ಅನಿವಾರ್ಯ ಷರತ್ತು. ‘ಎಲ್ಲ ಬ್ಯಾಕ್ಟೀರಿಯಗಳೂ ರೋಗಕಾರಕಗಳಲ್ಲ’ ಎಂದರೆ ಒಂದೂ ಅಲ್ಲವೆಂದೋ, ಕೆಲವು ಅಲ್ಲವೆಂದೋ? ಕನ್ನಡ ಎರಡಕ್ಕೂ ಎಡೆಗೊಡುತ್ತದೆ. ‘ಬ್ಯಾಕ್ಟೀರಿಯಗಳಲ್ಲಿ ಕೆಲವು ಮಾತ್ರ ರೋಗಕಾರಕಗಳು’ ಎಂದು ಬರೆದರೆ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಬರೆದು ಕೊನೆಯ ಗಳಿಗೆಯಲ್ಲಿ ಕನ್ನಡಕ್ಕೆ ತಿರುಗಿಸುವ ಪದ್ಧತಿ ಇರುವವರೆಗೆ ಇಂಥವು ತಪ್ಪುವುದಿಲ್ಲ. ತರ್ಕದ ಪ್ರಶ್ನೆಗಳನ್ನು ಕನ್ನಡದಲ್ಲೇ ಯೋಚಿಸಿ ಬರೆಯಬಲ್ಲವರು ಬೇಕು, ಅವರು ವಿಜ್ಞಾನ ಶಿಕ್ಷಕರಲ್ಲೇ ಸಿಗುತ್ತಾರೆ.

ತರಗತಿಯಲ್ಲಿ ಮಾಡಬಹುದಾದದ್ದು ಒಂದಿದೆ, ಖರ್ಚಿಲ್ಲದ್ದು. ಗುರುತು ಹಾಕಿದ ಆಯ್ಕೆಗೆ ಅರ್ಧ ಅಂಕ ಕೊಡಿ. ಉಳಿದ ಮೂರರಲ್ಲಿ ಯಾವುದಾದರೂ ಒಂದು ಏಕೆ ಅಲ್ಲ ಎಂದು ಒಂದು ಸಾಲಿನಲ್ಲಿ ಬರೆದವರಿಗೆ ಇನ್ನರ್ಧ ಕೊಡಿ. ನಲವತ್ತು ಉತ್ತರಪತ್ರಿಕೆಗಳಿದ್ದರೆ ತಿದ್ದಲು ಹೆಚ್ಚು ಹೊತ್ತು ಬೇಕು, ಒಪ್ಪುತ್ತೇನೆ. ವಾರಕ್ಕೊಂದು ಪ್ರಶ್ನೆ ಸಾಕು.

ಮೊದಲ ವಾರಕ್ಕೆ ಒಂದು ಪ್ರಶ್ನೆ ಇಲ್ಲೇ ಇದೆ. ಪಾವಗಡದ ಕಡೆಯ ಕೊಳವೆಬಾವಿಗಳ ಸುದ್ದಿ ಗೊತ್ತಿರುವ ವಿದ್ಯಾರ್ಥಿಗಳಿಗೆ ಕಥೆ ಅಪರಿಚಿತವೆನಿಸದು. ಅಮೆರಿಕದ ಐಡಹೊ ರಾಜ್ಯದ ಓಕ್ಲಿ ಎಂಬ ಊರಿನ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. 1923ರಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿಗೆ ಹೋಗಿ, ಊರಿನ ಹೊಸ ಕೊಳಾಯಿಯ ನೀರೇ ಕಾರಣವಿರಬೇಕೆಂದು ಸಂಶಯಪಟ್ಟರು. ನೀರಿನಲ್ಲಿದ್ದ ಫ್ಲೋರೈಡೇ ಇಂಥ ಕಲೆಗಳಿಗೆ ಕಾರಣವೆಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು, ಹಾಗಾಗಿ ಆ ಮಾತನ್ನು ಬಳಸುವಂತಿಲ್ಲ. ಮೆಕೇ ಅವರ ಸಂಶಯಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ ಕೊಡುವುದು ಯಾವುದು?

(ಅ) ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿಸಿದ ಮೇಲೆ ಕಲೆಗಳು ಕಾಣಿಸಿಕೊಂಡವೆಂದು ತಾಯಂದಿರು ಹೇಳಿದರು.

(ಆ) ಹತ್ತಿರದ ಖಾಸಗಿ ಬುಗ್ಗೆಯೊಂದರ ನೀರು ಕುಡಿಯುತ್ತಿದ್ದ ಕೆಲವು ಮಕ್ಕಳ ಹಲ್ಲುಗಳಲ್ಲಿ ಕಲೆ ಇರಲಿಲ್ಲ.

(ಇ) ಕೊಳಾಯಿಯ ನೀರನ್ನು ಪರೀಕ್ಷಿಸಿದಾಗ ಸಂಶಯಪಡುವಂಥದ್ದೇನೂ ಸಿಗಲಿಲ್ಲ.

(ಈ) ಊರಿನವರು ಆ ಕೊಳವೆಯನ್ನು ಕೈಬಿಟ್ಟು ಬೇರೆ ಬುಗ್ಗೆಯ ನೀರನ್ನು ಬಳಸತೊಡಗಿದ ಕೆಲವು ವರ್ಷಗಳಲ್ಲಿ, ಕಿರಿಯ ಮಕ್ಕಳಿಗೆ ಹೊಸದಾಗಿ ಬಂದ ಹಲ್ಲುಗಳಲ್ಲಿ ಕಲೆ ಇರಲಿಲ್ಲ.

(ಆ) ಮತ್ತು (ಈ) ನಡುವೆ ತರಗತಿ ಎರಡು ಪಾಲಾದರೆ ಗಾಬರಿಯಾಗಬೇಡಿ. ಈ ಪ್ರಶ್ನೆಯನ್ನು ಹಾಗೆಂದೇ ಬರೆದಿದೆ. ಒಎಂಆರ್ ಹಾಳೆಗೆ ಇದು ಯೋಗ್ಯವಲ್ಲ. ಓಕ್ಲಿಯ ಕೊಳವೆಯನ್ನು ಮುಚ್ಚಿದ್ದಕ್ಕೂ ಬ್ರಾಡ್ ಸ್ಟ್ರೀಟಿನ ಹಿಡಿ ತೆಗೆಸಿದ್ದಕ್ಕೂ ವ್ಯತ್ಯಾಸವೇನು ಎಂದು ಕೇಳಿ, ಸೀಮೆಸುಣ್ಣವನ್ನು ಅವರ ಕೈಗೆ ಕೊಡಿ.